ನೆಟ್ ಎಷ್ಟು ಎತ್ತರ ಕಟ್ಟಿದ್ದೀರಿ? ಹವಾಯಿ ಹುಡುಗಿಯರ ವಾಲಿಬಾಲ್ ಕಥೆ

ಈ ಸಲದ ಕಥೆ ಒಂದು ಫ್ಲೆಕ್ಸ್‌ನಿಂದ ಶುರುವಾಗುತ್ತೆ.

ಹೋದ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗ್ತಾ ದಾರಿಯಲ್ಲಿ ಟೀಗೆ ಬೈಕ್ ನಿಲ್ಲಿಸಿದ್ದೆ. ಎದುರಿನ ಕಂಬದಲ್ಲಿ ದೊಡ್ಡ ಫ್ಲೆಕ್ಸ್: ‘ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ’. ನಮ್ಮ ಕಡೆಯವರಿಗೆ ಇದನ್ನ ವಿವರಿಸೋದು ಬೇಕಿಲ್ಲ. ಊರ ಜಾತ್ರೆ, ಗಣೇಶ, ಯಾರದ್ದೋ ನೆನಪು, ಏನಾದರೂ ಒಂದು ನೆಪ. ನಾಲ್ಕು ಫೋಕಸ್ ಲೈಟು, ಒಂದು ಮೈಕು, ಅರ್ಧ ಕನ್ನಡ ಅರ್ಧ ತೆಲುಗು ಕಾಮೆಂಟ್ರಿ, ಬೆಳಗಿನ ಜಾವದವರೆಗೆ ಆಟ. ಮೊದಲ ಬಹುಮಾನ ನಗದು, ಟ್ರೋಫಿ, ಜೊತೆಗೊಂದು ಟಗರು. ಫ್ಲೆಕ್ಸಿನ ತೀರಾ ಕೆಳಗೆ, ಪ್ರಾಯೋಜಕರ ಫೋಟೋಗಳ ಸಂದಿಯಲ್ಲಿ ಒಂದು ಸಾಲು: ‘ಮಹಿಳೆಯರಿಗೆ ರಂಗೋಲಿ ಸ್ಪರ್ಧೆ ಇರುತ್ತದೆ’.

ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ದೊಡ್ಡಪ್ಪನ ಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ಎರಡೇ ನಿಮಿಷಕ್ಕೆ ಉತ್ತರ ಬಂತು: ‘ರಂಗೋಲಿಗೂ ಟಗರು ಕೊಡ್ತಾರಾ ಕೇಳು.’

ಅಕ್ಕ ಚಿಂತಾಮಣಿಯಲ್ಲಿ ಡಿಗ್ರಿ ಓದೋವಾಗ ಕಾಲೇಜಿನ ಹುಡುಗಿಯರ ಟೀಮಲ್ಲಿ ಅಟ್ಯಾಕರ್ ಆಗಿದ್ದಳು. ಪಿಯುಸಿಯಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದ್ದಳು. ಈಗ ಶಿಡ್ಲಘಟ್ಟದಲ್ಲಿ ಒಂದು ರೀಲಿಂಗ್ ಘಟಕದ ಲೆಕ್ಕ ನೋಡಿಕೊಳ್ಳುತ್ತಾಳೆ. ಗೂಡು ಎಷ್ಟು ಕೆ.ಜಿ. ಬಂತು, ನೂಲು ಎಷ್ಟು ಇಳೀತು, ಯಾರಿಗೆ ಎಷ್ಟು ಕೊಡಬೇಕು, ಅದು. ಬಾಲ್ ಮುಟ್ಟಿ ಹತ್ತು ವರ್ಷ ಆಯ್ತು. ಈ ಸಂಚಿಕೆ ಮಾಡ್ತೀನಿ ಅಂದಾಗ ಒಂದೇ ಷರತ್ತು ಹಾಕಿದಳು, ಹೆಸರು ಹೇಳಬಾರದು, ‘ಪಾಪ’ ಅಂತಾನೂ ಹೇಳಬಾರದು.

ಸರಿ, ಹೇಳಲ್ಲ. ಆದರೆ ನೆಟ್ಟಿನ ವಿಷಯ ಹೇಳಲೇಬೇಕು. ವಾಲಿಬಾಲ್‌ನಲ್ಲಿ ಗಂಡಸರ ನೆಟ್ 2.43 ಮೀಟರ್ ಎತ್ತರ, ಹೆಂಗಸರದ್ದು 2.24 ಮೀಟರ್. ಮಧ್ಯೆ 19 ಸೆಂಟಿಮೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಗೇಣು. ಅವಳ ಕಾಲೇಜಿನಲ್ಲಿ ಇದ್ದದ್ದು ಒಂದೇ ಅಂಕಣ, ಒಂದೇ ನೆಟ್ಟು, ಕಂಬಕ್ಕೆ ವೆಲ್ಡ್ ಮಾಡಿದ ಒಂದೇ ಕೊಕ್ಕೆ. ಅದು ಹುಡುಗರ ಎತ್ತರದ್ದು. ಹುಡುಗರು ಆಡಿ ಮುಗಿಸಿದ ಮೇಲೆ ಸಿಗೋ ಮುಕ್ಕಾಲು ಗಂಟೆಯಲ್ಲಿ ಹುಡುಗಿಯರು ಅದೇ ನೆಟ್ಟಿನ ಮೇಲೆ ಪ್ರಾಕ್ಟೀಸ್ ಮಾಡಬೇಕು. ಬೇರೆ ಕಾಲೇಜಿಗೆ ಟೂರ್ನಮೆಂಟ್‌ಗೆ ಹೋದರೆ ಅಲ್ಲಿ ಸರಿಯಾದ ಎತ್ತರಕ್ಕೆ ಕಟ್ಟಿರ್ತಾರೆ. ‘ನೆಟ್ ಕೆಳಗಿದ್ರೆ ಸುಲಭ ಅಲ್ವಾ?’ ಅಂತ ಕೇಳಿದೆ, ನನಗೆ ಆಟ ಗೊತ್ತಿಲ್ಲ. ಅಕ್ಕ ನಕ್ಕಳು. ವರ್ಷಪೂರ್ತಿ ಎತ್ತರದ ನೆಟ್ಟಿಗೆ ಕೈ ಪಳಗಿರುತ್ತೆ, ಅದೇ ಅಂದಾಜಲ್ಲಿ ಹೊಡೆದರೆ ಬಾಲ್ ಅಂಕಣ ದಾಟಿ ಹೋಗಿ ಗೋಡೆಗೆ ಬೀಳುತ್ತೆ. ಮೊದಲ ಸೆಟ್ ಪೂರ್ತಿ ಔಟ್, ಔಟ್, ಔಟ್. ಕೈಗೆ ಹೊಸ ಎತ್ತರ ಅರ್ಥ ಆಗೋ ಹೊತ್ತಿಗೆ ಪಂದ್ಯ ಮುಗಿದಿರುತ್ತೆ.

ಮುಂದೆ ನಾನೂ ಅದೇ ಕಾಲೇಜಿಗೆ ಬಿ.ಕಾಂ. ಸೇರಿದೆ. ಅಷ್ಟರಲ್ಲಿ ಹುಡುಗಿಯರ ಟೀಮೇ ಇರಲಿಲ್ಲ. ಅಕ್ಕನ ಬ್ಯಾಚು ಪಾಸಾಗಿ ಹೋಯ್ತು, ಟೀಮೂ ಜೊತೆಗೇ ಹೋಯ್ತು. ಅಂಕಣದಲ್ಲಿ ಬೈಕ್ ನಿಲ್ಲಿಸ್ತಿದ್ವಿ, ನನ್ನದೂ ಸೇರಿಸಿ. ಆದರೆ ಫೀಸ್ ಚಲನ್‌ನಲ್ಲಿ ‘ಕ್ರೀಡಾ ಶುಲ್ಕ’ ಅನ್ನೋ ಸಾಲು ಹಾಗೇ ಇತ್ತು. ಹುಡುಗರಿಗೆ ಎಷ್ಟೋ ಹುಡುಗಿಯರಿಗೂ ಅಷ್ಟೇ. ಕಾಮರ್ಸ್ ಓದಿದವನಿಗೆ ಇಂಥ ಸಾಲು ಕಣ್ಣಿಗೆ ಚುಚ್ಚುತ್ತೆ. ಆಗ ಚುಚ್ಚಲಿಲ್ಲ ಬಿಡಿ, ಈಗ ಚುಚ್ಚುತ್ತಿದೆ.

ಹಾಗಾಗಿ ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ. ಕಾಲೇಜು ಹುಡುಗಿಯರ ವಾಲಿಬಾಲ್ ಜಗತ್ತಲ್ಲಿ ಎಲ್ಲಾದರೂ ಗಟ್ಟಿಯಾಗಿ ನಿಂತಿದೆಯಾ? ಒಂದು ವರ್ಷ ಕಪ್ ಗೆದ್ದು ಮಾಯವಾಗೋ ಥರ ಅಲ್ಲ. ಹತ್ತು, ಇಪ್ಪತ್ತು, ಐವತ್ತು ವರ್ಷ, ಜನ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದು ನೋಡೋ ಥರ? ಆ ಹುಡುಕಾಟ ನನ್ನನ್ನ ಕರ್ಕೊಂಡು ಹೋಗಿದ್ದು ಪೆಸಿಫಿಕ್ ಸಾಗರದ ಮಧ್ಯಕ್ಕೆ, ಹವಾಯಿಗೆ.

ಅಲ್ಲಿಗೆ ಹೋಗೋ ಮುಂಚೆ ಆಟದ ಹುಟ್ಟಿನ ಬಗ್ಗೆ ಎರಡು ಮಾತು. 1895ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಊರಲ್ಲಿ ವಿಲಿಯಂ ಮಾರ್ಗನ್ ಅನ್ನೋ ವೈಎಂಸಿಎ ವ್ಯಾಯಾಮ ಶಿಕ್ಷಕ ಇದನ್ನ ಕಂಡುಹಿಡಿದ. ಬ್ಯಾಸ್ಕೆಟ್‌ಬಾಲ್ ಆಡಿದರೆ ಮೈಕೈ ನೋವು ಅನ್ನೋ ಮಧ್ಯವಯಸ್ಸಿನ ವ್ಯಾಪಾರಿಗಳಿಗೆ ಒಂದು ಹಗುರ ಆಟ ಬೇಕಿತ್ತು. ನಮ್ಮ ದೇಶಕ್ಕೂ ವೈಎಂಸಿಎ ದಾರಿಯಲ್ಲೇ ಬಂತು. ಹ್ಯಾರಿ ಬಕ್ ಅನ್ನೋರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ಅಲ್ಲಿ ಕಲಿತ ಪಿಟಿ ಮೇಷ್ಟ್ರುಗಳು ದಕ್ಷಿಣ ಭಾರತದ ಶಾಲೆಗಳಿಗೆ ಹರಡಿಕೊಂಡರು. ಒಂದು ಬಾಲು, ಒಂದು ನೆಟ್ಟು, 18 ಮೀಟರ್ ಉದ್ದ 9 ಮೀಟರ್ ಅಗಲದ ಜಾಗ ಇದ್ದರೆ ಸಾಕು. ಕಣದಲ್ಲೂ ಆಡಬಹುದು. ಹಳ್ಳಿಗೆ ಇದಕ್ಕಿಂತ ಹೊಂದೋ ಆಟ ಇನ್ನೊಂದಿಲ್ಲ, ಕಬಡ್ಡಿ ಒಂದು ಬಿಟ್ಟರೆ.

ಇನ್ನೊಂದು ಕಥೆ, ಇದು ಶಿಡ್ಲಘಟ್ಟದವರಿಗೆ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ವಾಲಿಬಾಲ್ ಸೇರಿಸಿದರು. ಹೆಂಗಸರ ಚಿನ್ನ ಗೆದ್ದಿದ್ದು ಜಪಾನ್. ಆ ಟೀಮಿನ ಬಹುಪಾಲು ಹುಡುಗಿಯರು ಒಸಾಕಾ ಹತ್ತಿರದ ಕೈಜುಕಾ ಊರಿನ ನಿಚಿಬೋ ನೂಲಿನ ಗಿರಣಿಯವರು! ಹಗಲು ಗಿರಣಿ ಕೆಲಸ, ಸಂಜೆಯಿಂದ ನಡುರಾತ್ರಿ ದಾಟೋವರೆಗೆ ಪ್ರಾಕ್ಟೀಸ್. ಕೋಚ್ ಹಿರೋಬುಮಿ ಡೈಮಾತ್ಸು ಎಷ್ಟು ಕಠಿಣ ಅಂದರೆ ಇವತ್ತು ಹಾಗೆ ಮಾಡಿದರೆ ಕೇಸ್ ಬೀಳುತ್ತೆ. ಅಕ್ಟೋಬರ್ 23ರ ನಿರ್ಣಾಯಕ ಪಂದ್ಯದಲ್ಲಿ ಸೋವಿಯತ್ ಟೀಮನ್ನ 3-0 ಸೋಲಿಸಿದರು. ಆ ಪಂದ್ಯಕ್ಕೆ ಬಂದ ಟಿವಿ ರೇಟಿಂಗ್ ಶೇ 66.8. ಇದನ್ನ ಹೇಳಿದಾಗ ಅಕ್ಕ ಕೇಳಿದ್ದು, ‘ಗಿರಣಿಯವರು ಓಟಿ ಕೊಡ್ತಿದ್ರಾ?’

ಗೊತ್ತಿಲ್ಲ ಕಣಕ್ಕಾ. ಆದರೆ ಆ ಟೀಮು ನಿಂತಿದ್ದು ಒಂದು ಕಂಪನಿ ಮತ್ತು ಒಬ್ಬ ಕೋಚ್ ಮೇಲೆ. ಮಾಲೀಕರ ಮನಸ್ಸು ಬದಲಾದರೆ ಮುಗೀತು. ನನ್ನ ಪ್ರಶ್ನೆ ಬೇರೆ. ಟೀಮ್ ಅಂದರೆ ಈ ವರ್ಷದ ಹನ್ನೆರಡು ಜನ. ಆ ಹನ್ನೆರಡು ಜನ ಪಾಸಾಗಿ ಹೋದ ಮೇಲೂ ಉಳಿಯೋದಕ್ಕೆ ಅಮೆರಿಕದವರು ಪ್ರೋಗ್ರಾಂ ಅಂತಾರೆ. ಅದು ಹೇಗೆ ಉಳಿಯುತ್ತೆ?

ಇಲ್ಲಿಂದ ಪ್ಯಾಟ್ಸಿ ಮಿಂಕ್ ಕಥೆ. 1927ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಹುಟ್ಟಿದವರು. ಅಜ್ಜ ಅಜ್ಜಿ ಜಪಾನಿನಿಂದ ಬಂದ ವಲಸಿಗರು, ತೋಟದ ಕೂಲಿಗಳು. ಈ ಹುಡುಗಿಗೆ ಡಾಕ್ಟರ್ ಆಗಬೇಕು ಅಂತ ಆಸೆ. ಓದೋಕೆ ಅಂತ ಅಮೆರಿಕದ ಮುಖ್ಯಭೂಮಿಗೆ ಹೋಗಿ, ನೆಬ್ರಾಸ್ಕಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಮಾಮೂಲಿ ಹಾಸ್ಟೆಲ್‌ನಲ್ಲಿ ಜಾಗ ಇಲ್ಲ, ಅವರನ್ನ ಬೇರೆ ಮನೆಯಲ್ಲಿ ಇಡ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗಿ ಸುಮ್ಮನಿರಲಿಲ್ಲ. ಪತ್ರ ಬರೆದು, ವಿದ್ಯಾರ್ಥಿಗಳನ್ನ ಸೇರಿಸಿ ಗಲಾಟೆ ಎಬ್ಬಿಸಿದರು. ವಿಶ್ವವಿದ್ಯಾಲಯ ನಿಯಮ ಬದಲಿಸಿತು. ಈ ನೆಬ್ರಾಸ್ಕಾ ಹೆಸರನ್ನ ತಲೆಯಲ್ಲಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಆರೋಗ್ಯ ಕೆಟ್ಟು ಮಿಂಕ್ ಹವಾಯಿಗೆ ವಾಪಸ್ ಬಂದು ಡಿಗ್ರಿ ಮುಗಿಸಿದರು. ಹನ್ನೆರಡಕ್ಕೂ ಹೆಚ್ಚು ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದರು. ಒಂದರಲ್ಲೂ ಸೀಟು ಸಿಗಲಿಲ್ಲ, ಆ ಕಾಲದಲ್ಲಿ ಹೆಂಗಸರಿಗೆ ಬಾಗಿಲೇ ಸಣ್ಣದು. ಸರಿ ಅಂತ ಲಾ ಓದಿದರು. ಕೆಲಸ ಕೇಳೋಕೆ ಹೋದರೆ, ಮದುವೆಯಾಗಿದೆ, ಮಗು ಇದೆ ಅನ್ನೋ ಮಾತು. 1964ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು, ಬಿಳಿಯರಲ್ಲದ ಹೆಂಗಸೊಬ್ಬರು ಅಲ್ಲಿಗೆ ಹೋಗಿದ್ದು ಅದೇ ಮೊದಲು.

1972ರಲ್ಲಿ ಎಡಿತ್ ಗ್ರೀನ್, ಸೆನೆಟರ್ ಬರ್ಚ್ ಬೈ ಇವರ ಜೊತೆ ಸೇರಿ ಮಿಂಕ್ ಒಂದು ಕಾನೂನು ತಂದರು. ಹೆಸರು ಟೈಟಲ್ ನೈನ್. ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ್ದು ಜೂನ್ 23ಕ್ಕೆ. ಅದರ ಮೂಲ ವಾಕ್ಯ ಬರೀ 37 ಪದ. ಸಾರ ಇಷ್ಟೇ: ಕೇಂದ್ರ ಸರ್ಕಾರದ ದುಡ್ಡು ತಗೊಳ್ಳೋ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಗಂಡು ಹೆಣ್ಣು ಅನ್ನೋ ಕಾರಣಕ್ಕೆ ಯಾರನ್ನೂ ಹೊರಗಿಡೋ ಹಾಗಿಲ್ಲ. ಗಮನಿಸಿ, ಅದರಲ್ಲಿ ‘ಕ್ರೀಡೆ’ ಅನ್ನೋ ಪದವೇ ಇಲ್ಲ.

ನನಗೆ ಇದರಲ್ಲಿ ಇಷ್ಟವಾಗಿದ್ದು ಭಾಷಣ ಇಲ್ಲದಿರೋದು. ಸಮಾನತೆ ಅನ್ನೋ ಮಾತು ನಮ್ಮ ಸಂವಿಧಾನದ 15ನೇ ವಿಧಿಯಲ್ಲೂ ಇದೆ, ತುಂಬಾ ಮೊದಲೇ ಇದೆ, ಹೆಮ್ಮೆ ಪಡಬೇಕಾದದ್ದೇ. ಆದರೆ ಟೈಟಲ್ ನೈನ್ ಕೈ ಹಾಕಿದ್ದು ನೇರ ಲೆಕ್ಕದ ಪುಸ್ತಕಕ್ಕೆ. ನಿನಗೆ ಅನುದಾನ ಬೇಕಾ? ಹಾಗಾದರೆ ಷರತ್ತು ಇದು. ಅನುದಾನ ಇಲ್ಲದೆ ನಡೆಯೋ ಕಾಲೇಜು ಅಲ್ಲಿ ಬೆರಳೆಣಿಕೆ. ಕೆಲವೇ ತಿಂಗಳಲ್ಲಿ ಕ್ರೀಡಾ ವಿಭಾಗಗಳಿಗೆ ಅರ್ಥವಾಯ್ತು, ಅಯ್ಯೋ, ಇದು ನಮಗೂ ಅನ್ವಯಿಸುತ್ತೆ! ಆಮೇಲೆ ಶುರುವಾಯ್ತು ಜಗಳ. ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಸಂಸ್ಥೆ ವಿರೋಧಿಸಿತು, ಮುಂದೆ ಕೋರ್ಟಿಗೂ ಹೋಯ್ತು. ದುಡ್ಡು ತರೋ ಫುಟ್‌ಬಾಲ್‌ಗೆ ವಿನಾಯಿತಿ ಕೊಡಿ ಅಂತ ಒಬ್ಬ ಸೆನೆಟರ್ ತಿದ್ದುಪಡಿ ತಂದ. ಉಳಿಯಲಿಲ್ಲ.

1975ರ ಜುಲೈ. ಟೈಟಲ್ ನೈನ್ ನಿಯಮಗಳನ್ನ ಸಡಿಲ ಮಾಡೋ ಒಂದು ತಿದ್ದುಪಡಿ ಕೆಳಮನೆಯಲ್ಲಿ ಮತಕ್ಕೆ ಬಂತು. ಅದನ್ನ ತಡೆಯೋಕೆ ನಿಂತಿದ್ದವರ ಮುಂಚೂಣಿಯಲ್ಲಿ ಮಿಂಕ್. ಅಷ್ಟರಲ್ಲಿ ಸುದ್ದಿ ಬಂತು, ನ್ಯೂಯಾರ್ಕ್ ರಾಜ್ಯದಲ್ಲಿ ಓದ್ತಿದ್ದ ಮಗಳಿಗೆ ಕಾರ್ ಅಪಘಾತ. ಮಿಂಕ್ ಸದನ ಬಿಟ್ಟು ಓಡಿದರು. ತಿದ್ದುಪಡಿ 212ಕ್ಕೆ 211ರಲ್ಲಿ ಪಾಸಾಯ್ತು. ಒಂದು ಮತ! ಕೆಲವು ಪತ್ರಿಕೆಗಳು, ಸೋತಿದ್ದಕ್ಕೆ ಅಳುತ್ತಾ ಹೊರಗೆ ಹೋದರು ಅಂತ ಬರೆದವು. ಸಭಾಧ್ಯಕ್ಷರು ನಿಜ ಏನು ಅಂತ ಸದನಕ್ಕೆ ತಿಳಿಸಿದರು. ಆಮೇಲೆ ಮತ್ತೆ ಮತ ಹಾಕಿಸಿದರು. 215ಕ್ಕೆ 178. ತಿದ್ದುಪಡಿ ಬಿತ್ತು. ಮಗಳೂ ಬದುಕಿದಳು.

ಈಗ ಹೊನೊಲುಲುಗೆ ಬರೋಣ. ಹವಾಯಿ ವಿಶ್ವವಿದ್ಯಾಲಯದಲ್ಲಿ ಡಾನಿಸ್ ಥಾಂಪ್ಸನ್ ಅನ್ನೋ ದೈಹಿಕ ಶಿಕ್ಷಣದ ಅಧ್ಯಾಪಕಿ ಇದ್ದರು. ಶಿಕಾಗೋದಲ್ಲಿ ಬೆಳೆದ ಕಪ್ಪು ಮಹಿಳೆ, ಅಮೆರಿಕದ ಮಹಿಳಾ ಅಥ್ಲೆಟಿಕ್ಸ್ ತಂಡಕ್ಕೆ ಕೋಚ್ ಆಗಿದ್ದವರು. 1972ರಲ್ಲಿ ಅವರನ್ನ ಮಹಿಳಾ ಕ್ರೀಡೆಯ ಮೊದಲ ನಿರ್ದೇಶಕಿ ಮಾಡಿದರು. ಕೈಗೆ ಕೊಟ್ಟ ಬಜೆಟ್ 5,000 ಡಾಲರ್ ಅಂತ ಅಲ್ಲಿಯವರು ಈಗಲೂ ಹೇಳ್ತಾರೆ. ಅದರಲ್ಲೇ ಅಥ್ಲೆಟಿಕ್ಸ್, ಅದರಲ್ಲೇ ವಾಲಿಬಾಲ್.

ಆ ದುಡ್ಡಲ್ಲಿ ಏನು ಮಾಡಬಹುದು ಯೋಚನೆ ಮಾಡಿ. ಹವಾಯಿಯಿಂದ ಅತಿ ಹತ್ತಿರದ ಎದುರಾಳಿ ಕ್ಯಾಲಿಫೋರ್ನಿಯಾದಲ್ಲಿ. ಮಧ್ಯೆ ಸುಮಾರು 3,800 ಕಿಲೋಮೀಟರ್ ಸಮುದ್ರ. ಚಿಂತಾಮಣಿ ಟೀಮು ಪ್ರತಿ ಪಂದ್ಯಕ್ಕೂ ಶ್ರೀನಗರ ದಾಟಿ ಇನ್ನೂ ಮುಂದೆ ಹೋಗಬೇಕು ಅಂದ ಹಾಗೆ. ಬಸ್ಸಿಲ್ಲ, ರೈಲಿಲ್ಲ. ಹಾಗಿದ್ದಾಗ ಹೆಂಗಸರ ಟೀಮನ್ನ ಉಳಿಸೋಕೆ ಇರೋದು ಒಂದೇ ದಾರಿ, ಜನ ಟಿಕೆಟ್ ತಗೊಂಡು ಬರಬೇಕು. ಹೆಣ್ಣುಮಕ್ಕಳ ಪಂದ್ಯಕ್ಕೆ ಟಿಕೆಟ್ಟಾ ಅಂತ ನಗೋರು ಅಲ್ಲೂ ಇದ್ದ ಕಾಲ. ಥಾಂಪ್ಸನ್ ಹಟ ಏನಪ್ಪಾ ಅಂದರೆ, ಇದನ್ನ ದಾನದ ಆಟ ಮಾಡಬಾರದು, ನೋಡೋ ಆಟ ಮಾಡಬೇಕು. ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇಲ್ಲೇ ಇದೆ. ಕಾನೂನು ಬಾಗಿಲು ತೆರೀತು, ಒಳಗೆ ಕುರ್ಚಿ ಹಾಕಿ ಜನರನ್ನ ಕೂರಿಸಿದ್ದು ಈಕೆ.

1975ರಲ್ಲಿ ಡೇವ್ ಶೋಜಿ ಅನ್ನೋ 28 ವರ್ಷದ ಹುಡುಗನನ್ನ ಕೋಚ್ ಆಗಿ ತಗೊಂಡರು. ಸ್ವತಃ ಒಳ್ಳೆ ಆಟಗಾರ. 28 ಅಂದರೆ ಹೆಚ್ಚೂಕಡಿಮೆ ನನ್ನ ವಯಸ್ಸು, ನಾನಿನ್ನೂ ಮೈಕ್ ಕೇಬಲ್ ಯಾವ ಕಡೆ ಚುಚ್ಚಬೇಕು ಅಂತ ನೋಡ್ತಿದ್ದೀನಿ. ಆ ಮನುಷ್ಯ 42 ಸೀಸನ್ ಅಲ್ಲೇ ಇದ್ದ! 2017ರಲ್ಲಿ ನಿವೃತ್ತಿ ಆಗೋ ಹೊತ್ತಿಗೆ ಗೆದ್ದ ಪಂದ್ಯಗಳು 1,202.

ಗೆಲುವು ಕೂಡಲೇ ಬರಲಿಲ್ಲ. ಆಗ ಮಹಿಳಾ ಕಾಲೇಜು ಕ್ರೀಡೆಗೆ ಎಐಎಡಬ್ಲ್ಯು ಅನ್ನೋ ಪ್ರತ್ಯೇಕ ಸಂಸ್ಥೆ ಇತ್ತು, ಹೆಂಗಸರೇ ಕಟ್ಟಿದ್ದು. ಅದರ ರಾಷ್ಟ್ರೀಯ ಟೂರ್ನಿಯ ಫೈನಲ್‌ಗೆ ಹವಾಯಿ ಒಂದಕ್ಕಿಂತ ಹೆಚ್ಚು ಸಲ ಬಂದು ಸೋತಿತು. ಕೊನೆಗೆ 1979ರಲ್ಲಿ ಯೂಟಾ ಸ್ಟೇಟ್ ಟೀಮನ್ನ ಸೋಲಿಸಿ ಚಾಂಪಿಯನ್ ಆಯ್ತು. ಆಮೇಲೆ ಎನ್‌ಸಿಎಎ, ಅದೇ ಕೋರ್ಟಿಗೆ ಹೋದ ಸಂಸ್ಥೆ, ಮಹಿಳಾ ಕ್ರೀಡೆಯಲ್ಲಿ ಭವಿಷ್ಯ ಇದೆ ಅಂತ ಗೊತ್ತಾದ ಕೂಡಲೇ 1981ರಿಂದ ತಾನೇ ಟೂರ್ನಿ ಶುರು ಮಾಡಿತು. ಹೆಂಗಸರು ಕಟ್ಟಿದ ಸಂಸ್ಥೆ ಮುಚ್ಚಿಹೋಯ್ತು. ಇದರ ಬಗ್ಗೆ ನನಗೆ ಕೋಪ ಇದೆ, ಅದಕ್ಕೆ ಆಮೇಲೆ ಬರ್ತೀನಿ.

1982ರ ಫೈನಲ್ ಕಥೆ ಕೇಳಿ. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಯುಎಸ್‌ಸಿ. ಆಗಿನ ಸ್ಕೋರಿಂಗ್ ಈಗಿನ ಥರ ಅಲ್ಲ, ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್, 15ಕ್ಕೆ ಸೆಟ್. ಹಾಗಾಗಿ ಒಂದೊಂದು ಪಾಯಿಂಟೂ ಎಳೆದಾಟ, ಸರ್ವ್ ಅತ್ತ ಇತ್ತ ಹೋಗ್ತಾನೇ ಇರುತ್ತೆ, ಸ್ಕೋರ್ ಬೋರ್ಡ್ ಅಲ್ಲಾಡಲ್ಲ. ಹವಾಯಿ ಮೊದಲೆರಡು ಸೆಟ್ ಸೋತಿತು. ಮೂರನೇದನ್ನ ಎರಡೇ ಪಾಯಿಂಟ್‌ನಲ್ಲಿ ಉಳಿಸಿಕೊಂಡಿತು. ಆಮೇಲೆ ನಾಲ್ಕು, ಆಮೇಲೆ ಐದು. 3-2. ಆ ಟೀಮಿನ ದೊಡ್ಡ ಹೆಸರು ಡೀಟ್ರಾ ಕಾಲಿನ್ಸ್, ನೆಟ್ ಮುಂದೆ ನಿಂತರೆ ಗೋಡೆ. 1983ರಲ್ಲಿ ಯುಸಿಎಲ್‌ಎಯನ್ನ ನೇರ 3-0. 1987ರಲ್ಲಿ ಸ್ಟ್ಯಾನ್‌ಫರ್ಡನ್ನ ಸೋಲಿಸಿ ಮತ್ತೊಂದು.

ಆ ದಿನಗಳಲ್ಲಿ ಅವರು ಆಡ್ತಿದ್ದದ್ದು ಕ್ಲಮ್ ಜಿಮ್ ಅನ್ನೋ ಸಣ್ಣ, ಸೆಕೆಯ ಶೆಡ್ಡಿನಂಥ ಜಾಗದಲ್ಲಿ. ಜನ ಟಿಕೆಟ್‌ಗೆ ಕ್ಯೂ ನಿಲ್ತಿದ್ದರು, ಒಳಗೆ ಬೆವರು ಒರೆಸಿಕೊಳ್ಳುತ್ತಾ ನೋಡ್ತಿದ್ದರು. ಟಿವಿಯಲ್ಲಿ ದ್ವೀಪಗಳಿಗೆಲ್ಲ ನೇರ ಪ್ರಸಾರ ಬರೋಕೆ ಶುರುವಾದ ಮೇಲೆ ಅಜ್ಜಿಯರಿಗೂ ಸೆಟ್ಟರ್ ಹೆಸರು ಬಾಯಿಪಾಠ. ಆ ಟೀಮಿನ ಹೆಸರು ರೇನ್‌ಬೋ ವಹೀನೆ. ವಹೀನೆ ಅಂದರೆ ಹವಾಯಿ ಭಾಷೆಯಲ್ಲಿ ಹೆಣ್ಣು. ಹವಾಯಿಯಲ್ಲಿ ದೊಡ್ಡ ಲೀಗಿನ ಟೀಮು ಯಾವುದೂ ಇಲ್ಲ. ಊರಿಗೆ ಅಂತ ಇರೋ ಟೀಮು ಇವರೇ. 1994ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸೀಟಿನ ದೊಡ್ಡ ಒಳಾಂಗಣ ಬಂತು, ಜನವೂ ಅಲ್ಲಿಗೆ ಬಂದರು. ಹಲವು ವರ್ಷ ಇಡೀ ಅಮೆರಿಕದಲ್ಲಿ ಮಹಿಳಾ ವಾಲಿಬಾಲ್‌ಗೆ ಅತಿ ಹೆಚ್ಚು ಜನ ಸೇರ್ತಿದ್ದದ್ದು ಇಲ್ಲೇ. ತಮಾಷೆ ಅಂದರೆ 1987ರ ನಂತರ ಹವಾಯಿ ಒಂದು ಸಲವೂ ಚಾಂಪಿಯನ್ ಆಗಿಲ್ಲ. ಕಪ್ ಬರೋದು ನಿಂತರೂ ಜನ ಬರೋದು ನಿಲ್ಲಲಿಲ್ಲ. ಅಕ್ಕನ ಟೀಮು ಪಾಸ್‌ಔಟ್ ಆದ ದಿನ ಖಾಲಿಯಾಯ್ತಲ್ಲ, ಅದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದು.

ಈಗ ಕೋಪದ ವಿಷಯ. ಟೈಟಲ್ ನೈನ್ ಬರೋ ಮುಂಚೆ ಅಮೆರಿಕದ ಹೆಣ್ಣುಮಕ್ಕಳ ಕಾಲೇಜು ಟೀಮುಗಳ ಕೋಚ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಜನ ಹೆಂಗಸರೇ. ಯಾಕಂದರೆ ಸಂಬಳ ಇರಲಿಲ್ಲ, ಗಂಡಸರಿಗೆ ಬೇಕಿರಲಿಲ್ಲ. ಕಾನೂನು ಬಂತು, ದುಡ್ಡು ಬಂತು, ಗಂಡಸರೂ ಬಂದರು. ಹೆಂಗಸರ ಪಾಲು ಅರ್ಧಕ್ಕಿಂತ ಕೆಳಗಿಳೀತು. ಆಡೋರು ಎಷ್ಟೋ ಪಟ್ಟು ಹೆಚ್ಚಾದರು. 1972ರ ಸುಮಾರಿಗೆ ಅಲ್ಲಿನ ಹೈಸ್ಕೂಲುಗಳಲ್ಲಿ ಆಟ ಆಡ್ತಿದ್ದ ಹುಡುಗಿಯರು 3 ಲಕ್ಷವೂ ಇರಲಿಲ್ಲ, ಈಗ 30 ಲಕ್ಷ ದಾಟಿದ್ದಾರೆ. ಆದರೆ ಆಡಿಸೋ ಕುರ್ಚಿ ಕೈತಪ್ಪಿತು. ಶೋಜಿ ದೊಡ್ಡ ಕೋಚ್, ಅದರಲ್ಲಿ ಅನುಮಾನವೇ ಇಲ್ಲ. ಆದರೂ ಆ 42 ವರ್ಷದಲ್ಲಿ ಅಲ್ಲಿ ಆಡಿ ಹೋದ ಹುಡುಗಿಯರಲ್ಲಿ ಎಷ್ಟು ಜನ ಆ ಕುರ್ಚಿ ಕಡೆ ನೋಡಿರಬಹುದು ಅಂತ ನನಗೆ ಅನಿಸುತ್ತೆ. 2017ರಲ್ಲಿ ಅವರ ಜಾಗಕ್ಕೆ ಬಂದಿದ್ದು ರಾಬಿನ್ ಆ ಮೋ. ಹೊನೊಲುಲುವಿನ ಹುಡುಗಿ, ಅದೇ ಟೀಮಿನ ಹಳೇ ಸೆಟ್ಟರ್, ಮೂರು ಒಲಿಂಪಿಕ್ಸ್ ಆಡಿ 2008ರಲ್ಲಿ ಬೆಳ್ಳಿ ತಂದವಳು.

ಇನ್ನು ನೆಬ್ರಾಸ್ಕಾ. ಅಲ್ಲಿನ ವಿಶ್ವವಿದ್ಯಾಲಯದ ಹುಡುಗಿಯರ ವಾಲಿಬಾಲ್ ಟೀಮು ಶುರುವಾಗಿದ್ದು 1975ರಲ್ಲಿ, ಟೈಟಲ್ ನೈನ್ ಬಂದ ಮೇಲೆ. ಸಮುದ್ರ ಇಲ್ಲ, ಬೀಚ್ ಇಲ್ಲ, ಸುತ್ತ ಜೋಳದ ಹೊಲ. ಇಡೀ ರಾಜ್ಯಕ್ಕೆ ಸುಮಾರು 20 ಲಕ್ಷ ಜನ. ನಮ್ಮ ಗೌರಿಬಿದನೂರಿನ ಮೆಕ್ಕೆಜೋಳದ ರೈತರಿಗೆ ಅಲ್ಲಿ ಹೋದರೆ ಮನೆ ನೆನಪಾಗಬಹುದು. ಈ ಟೀಮು ಐದು ಸಲ ರಾಷ್ಟ್ರೀಯ ಚಾಂಪಿಯನ್, 1995, 2000, 2006, 2015, 2017. ಹವಾಯಿ ಕೈಯಲ್ಲಿದ್ದ ಪ್ರೇಕ್ಷಕರ ದಾಖಲೆಯೂ ಇವರ ಪಾಲಾಯ್ತು.

2023ರ ಆಗಸ್ಟ್ 30. ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂ, 1923ರಲ್ಲಿ ಕಟ್ಟಿದ್ದು, ಗಂಡಸರ ಅಮೆರಿಕನ್ ಫುಟ್‌ಬಾಲ್‌ನ ಕೋಟೆ. ಅದರ ಮಧ್ಯದಲ್ಲಿ ಹಲಗೆ ಹಾಸಿ ಒಂದು ವಾಲಿಬಾಲ್ ಅಂಕಣ. ಹೊನಲು ಬೆಳಕಿನ ಪಂದ್ಯಾವಳಿ ಅಂತ ಬೇಕಾದರೆ ಕರೀರಿ. ನೆಬ್ರಾಸ್ಕಾ ಮತ್ತು ಒಮಾಹಾ ಹುಡುಗಿಯರ ಪಂದ್ಯ. ನೋಡೋಕೆ ಬಂದವರು 92,003 ಜನ. ಅದಕ್ಕೂ ಮುಂಚೆ ಬಾರ್ಸಿಲೋನಾದಲ್ಲಿ ಮಹಿಳಾ ಫುಟ್‌ಬಾಲ್‌ಗೆ ಸೇರಿದ್ದ 91,648ರ ದಾಖಲೆ ಮುರೀತು. 2011ರ ಜನಗಣತಿ ಪ್ರಕಾರ ಚಿಂತಾಮಣಿ ಪಟ್ಟಣದ ಜನಸಂಖ್ಯೆ ಸುಮಾರು 76 ಸಾವಿರ. ಅಷ್ಟೂ ಜನರನ್ನ, ಮಕ್ಕಳು ಮುದುಕರು ಸೇರಿಸಿ ಕರ್ಕೊಂಡು ಹೋಗಿ ಕೂರಿಸಿದರೂ ಇನ್ನೂ 16 ಸಾವಿರ ಸೀಟು ಮಿಕ್ಕುತ್ತೆ.

ಪ್ಯಾಟ್ಸಿ ಮಿಂಕ್ 2002ರಲ್ಲಿ ತೀರಿಕೊಂಡರು. ಅದೇ ವರ್ಷ ಆ ಕಾನೂನಿಗೆ ಅವರ ಹೆಸರು ಇಟ್ಟರು. ಹಾಸ್ಟೆಲ್‌ನಲ್ಲಿ ಜಾಗ ಕೊಡದ ಕ್ಯಾಂಪಸ್ಸಲ್ಲಿ, ತಾವು ಓದೋವಾಗಲೂ ಅಲ್ಲೇ ನಿಂತಿದ್ದ ಸ್ಟೇಡಿಯಂನಲ್ಲಿ, ಹುಡುಗಿಯರ ಪಂದ್ಯಕ್ಕೆ 92 ಸಾವಿರ ಜನ ಎದ್ದು ನಿಂತಿದ್ದನ್ನ ಅವರು ನೋಡಲಿಲ್ಲ.

ಅಮೆರಿಕದ್ದೆಲ್ಲಾ ಸರಿ ಅಂತ ಹೇಳ್ತಿಲ್ಲ. ಅಲ್ಲಿ ಇವತ್ತೂ ಫುಟ್‌ಬಾಲ್ ಮೊದಲು, ಮಿಕ್ಕಿದ್ದು ಆಮೇಲೆ. ನಮ್ಮಲ್ಲಿ ಮೊದಲು ಕಾಲೇಜೇ ಹತ್ತಿರ ಬರಬೇಕಿತ್ತು, ಆ ಕೆಲಸ ಮಾಡಿದವರ ಋಣ ದೊಡ್ಡದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದೋಕೆ ನಡಕೊಂಡು ಬೆಂಗಳೂರಿಗೆ ಹೋದವರು. ಅಮೆರಿಕದ ಓಹಾಯೋದಲ್ಲಿ ಪಿಎಚ್.ಡಿ. ಮಾಡಿ ವಾಪಸ್ ಬಂದರು. ಅವರ ಸಂಸ್ಥೆ ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಕಾಲೇಜು ತೆರೀತು. ಹತ್ತಿರದಲ್ಲಿ ಕಾಲೇಜು ಇದ್ದರೆ ಹೆಣ್ಣುಮಗು ಓದುತ್ತೆ, ನಮ್ಮ ಮನೆಯಲ್ಲೇ ನೋಡಿದ್ದೀನಿ. ಆದರೆ ಅಕ್ಕನ ಊರಿಗೆ ಕೊನೆ ಬಸ್ 5.40ಕ್ಕೆ ಇತ್ತು. ಹುಡುಗರು ಅಂಕಣ ಬಿಡ್ತಿದ್ದದ್ದು ಐದಕ್ಕೆ. ಮುಕ್ಕಾಲು ಗಂಟೆ ಅಂದೆನಲ್ಲ, ಅವಳಿಗೆ ಅದೂ ಪೂರ್ತಿ ಸಿಗ್ತಿರಲಿಲ್ಲ.

ಹೋದ ತಿಂಗಳು ಟೇಪ್ ತಗೊಂಡು ಆ ಕಾಲೇಜಿಗೆ ಹೋಗಿದ್ದೆ. ವಾಚ್‌ಮನ್, ‘ಏಮಪ್ಪಾ, ಸರ್ವೆನಾ?’ ಅಂದ. ಒಂದು ಕಂಬ ಬಿದ್ದು ಹೋಗಿದೆ. ಇನ್ನೊಂದು ನಿಂತಿದೆ, ಅದರಲ್ಲಿ ಅದೇ ಕೊಕ್ಕೆ, ತುಕ್ಕು ಹಿಡಿದು ಕೆಂಪಾಗಿದೆ. ಅಳೆದೆ. 2.43ರ ಲೆಕ್ಕಕ್ಕೇ ಹಾಕಿದ್ದು, ಒಂದೆರಡು ಸೆಂಟಿಮೀಟರ್ ಮೇಲೇ ಇದೆ. ಫೋಟೋ ಅಕ್ಕನಿಗೆ ಕಳಿಸಿದೆ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ವಾಯ್ಸ್ ನೋಟ್ ಬಂತು, ಹಿಂದೆ ರೀಲಿಂಗ್ ಮಿಷನ್ ಸದ್ದು: ‘ಇನ್ನೊಂದು ಕೊಕ್ಕೆ ವೆಲ್ಡ್ ಮಾಡ್ಸೋಕೆ ಎಷ್ಟಾಗುತ್ತೆ ಕೇಳ್ಕೊಂಡು ಬಾ.’

ಕೇಳಿದೆ. ಪಕ್ಕದ ಗ್ಯಾರೇಜಿನವನು ಎರಡು ಕಂಬಕ್ಕೂ ಸೇರಿಸಿ 300 ರೂಪಾಯಿ ಅಂದ, ಕಂಬ ಎತ್ತಿ ನಿಲ್ಲಿಸೋ ಕೂಲಿ ಬೇರೆ. ಈಗ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟಿದ್ದೀವಿ, ಉತ್ತರ ಬಂದಿಲ್ಲ.

ನಿಮ್ಮ ಕಾಲೇಜಿನಲ್ಲಿ ವಾಲಿಬಾಲ್ ಅಂಕಣ ಇದ್ದರೆ ನನಗೊಂದು ಕೆಲಸ ಮಾಡಿಕೊಡಿ. ಟೇಪ್ ಹಿಡಿದು ನೆಟ್ ಎಷ್ಟು ಎತ್ತರ ಇದೆ ಅಳೆದು, ಊರಿನ ಹೆಸರು ಹಾಕಿ ಕಳಿಸಿ. ಚಲನ್‌ನಲ್ಲಿ ಕ್ರೀಡಾ ಶುಲ್ಕ ಎಷ್ಟು ಅಂತಾನೂ ಬರೀರಿ. ಬಂದಷ್ಟನ್ನ ಮುಂದಿನ ಸಂಚಿಕೆಯಲ್ಲಿ ಓದ್ತೀನಿ.